‘ಮತ್ಸ್ಯವಿಶೇಷಃ’ ಎಂಬ ಅರ್ಥವೂ ಕಡಲ ವಿಜ್ಞಾನಿಯ ದುಡಿಮೆಯೂ

ಸಂಸ್ಕೃತಕಾವ್ಯಗಳನ್ನು ವ್ಯಾಖ್ಯಾನಸಹಿತವಾಗಿ ಓದಿದವರಿಗೆ ‘ಮತ್ಸ್ಯವಿಶೇಷಃ’ ಎಂಬ ಮಾತು ಅಪರಿಚಿತವಲ್ಲ. ಮೂಲದಲ್ಲಿ ಪಾಠೀನವೆಂದಿರಲಿ, ಶಫರಿಯೆಂದಿರಲಿ, ಶಕುಲವೆಂದಿರಲಿ, ವ್ಯಾಖ್ಯಾನಕಾರನು ಅದರ ಮುಂದೆ ಈ ಒಂದು ಪದವನ್ನು ಬರೆದು ಮುಂದಿನ ಪದಕ್ಕೆ ಸಾಗಿಬಿಡುವನು. ನಮ್ಮ ಕನ್ನಡ ಟೀಕುಗಳಲ್ಲಿ ಅದೇ ಮಾತು ‘ಒಂದು ಜಾತಿಯ ಮೀನು’ ಎಂದು ವೇಷವನ್ನು ಬದಲಿಸಿಕೊಂಡು ಬರುವುದು. ಇಂತಹ ಅರ್ಥಕಥನದಲ್ಲಿ ತಪ್ಪೇನೂ ಇಲ್ಲ. ಆದರೆ ತಿಳಿವೂ ಇಲ್ಲ. ನಾನು ಮೂವತ್ತು ವರ್ಷಗಳ ಕಾಲ ಪಾಠ ಹೇಳಿದವನು. ಅಮರಕೋಶದ ವಾರಿವರ್ಗವನ್ನು ಬಾಲ್ಯದಲ್ಲಿ ಎಷ್ಟು ಸಲ ಒಪ್ಪಿಸಿದ್ದೇನೋ, ಆಮೇಲೆ ಎಷ್ಟು ಮಂದಿ ವಿದ್ಯಾರ್ಥಿಗಳಿಂದ ಒಪ್ಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆದರೂ ಅಲ್ಲಿ ಹೇಳಿರುವ ಮೀನುಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಂಡು ‘ಇದೇ ಅದು’ ಎಂದು ತೋರಿಸಬಲ್ಲೆನೇ ಎಂಬ ಪ್ರಶ್ನೆಯನ್ನು ಐವತ್ತು ವರ್ಷ ದಾಟುವವರೆಗೂ ನನಗೆ ನಾನೇ ಕೇಳಿಕೊಂಡಿರಲಿಲ್ಲ. ಅದನ್ನು ನನ್ನಲ್ಲಿ ಹುಟ್ಟಿಸಿದವರು ಒಬ್ಬ ಕಡಲ ವಿಜ್ಞಾನಿ. ಅವರ ನಿತ್ಯದ ದುಡಿಮೆ ಎಂತಹುದು, ಅವರು ಏನನ್ನು ಅರಸುತ್ತಾರೆ, ಕಂಡುಕೊಂಡದ್ದನ್ನು ಯಾವ ಕ್ರಮದಿಂದ ಪ್ರಕಟಿಸುತ್ತಾರೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಸಾಹಿತ್ಯದ ಪತ್ರಿಕೆಯಲ್ಲಿ ಮೀನಿನ ಮಾತೇಕೆಂದು ವಾಚಕರು ಶಂಕಿಸಬಹುದು. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವೇ ಇಲ್ಲಿಯ ವಿಚಾರವಾದ ಕಾರಣ ಇದು ನಮ್ಮ ಮನೆಯ ವಿಚಾರವೇ ಆಗಿದೆ.

ನಮ್ಮ ವಾಸ ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಬಳಿಯ ಕೋಗಿಲಿನಲ್ಲಿ. ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಈ ಊರಿಗೂ ಕಡಲಿಗೂ ನಡುವೆ ಇಡೀ ಸಹ್ಯಾದ್ರಿಯೇ ಅಡ್ಡವಾಗಿದೆ. ನಮ್ಮ ಮನೆಯ ಮಹಡಿಯಲ್ಲಿ ಮೂರು ವರ್ಷಗಳಿಂದ ಬಾಡಿಗೆಗಿರುವ ತರುಣಿಯು ಉಡುಪಿಯ ಸೀಮೆಯ ಮೊಗವೀರರ ಮನೆಯ ಮಗಳು. ನಗರದ ಒಂದು ಸಂಶೋಧನಾಲಯದಲ್ಲಿದ್ದುಕೊಂಡು ಪಶ್ಚಿಮ ಸಮುದ್ರದ ಮೀನುಗಳನ್ನು ಕುರಿತು ಶೋಧನೆ ನಡೆಸುತ್ತಿರುವರು. ಮನೆ ಕೊಡುವಾಗ ನಮ್ಮ ಮನೆಯಾಕೆ ಇಟ್ಟ ನಿಬಂಧನೆ ಒಂದೇ: ಮೀನನ್ನು ಮನೆಯೊಳಗೆ ತರಕೂಡದು. ಆಕೆ ಅದನ್ನು ಅಕ್ಷರಶಃ ಪಾಲಿಸಿದರು. ಮೀನು ತರಲಿಲ್ಲ, ಮೀನಿನ ಕಿವಿಯ ಕಲ್ಲುಗಳನ್ನು ಮಾತ್ರ ತಂದರು. ಆ ಕಲ್ಲಿನ ವಿಷಯ ಮುಂದೆ ಬರುವುದು.

ಒಂದು ಸಂಜೆ ಆಕೆ ಕೆಳಗಿಳಿದು ಬಂದು, “ಶಾಸ್ತ್ರಿಗಳೇ, ನಿಮ್ಮಲ್ಲಿ ಕಿಟ್ಟೆಲರ ಕೋಶ ಇದೆಯೇ?” ಎಂದು ಕೇಳಿದರು. ಆಕೆ ಒಂದು ವಿದ್ವತ್ಪತ್ರಿಕೆಗೆ ಕಳುಹಿಸಿದ್ದ ಲೇಖನವು ಪರೀಕ್ಷಕರ ಟಿಪ್ಪಣಿಗಳೊಡನೆ ಹಿಂದಿರುಗಿತ್ತು. ಲೇಖನದಲ್ಲಿ ಕೆಲವು ಮೀನುಗಳಿಗೆ ಕರಾವಳಿಯಲ್ಲಿ ಬಳಕೆಯಲ್ಲಿರುವ ಹೆಸರುಗಳನ್ನು ಕೊಟ್ಟಿದ್ದರು; ‘ಈ ನಾಮಗಳಿಗೆ ಪ್ರಮಾಣವೇನು?’ ಎಂದು ಒಬ್ಬ ಪರೀಕ್ಷಕರು ಕೇಳಿದ್ದರು. ಪ್ರಮಾಣವೆಂದರೆ ಆಕೆಯ ಅಜ್ಜಿ. ಆದರೆ ‘ನಮ್ಮ ಅಜ್ಜಿ ಹೀಗೆನ್ನುತ್ತಾರೆ’ ಎಂದು ಬರೆಯುವಂತಿಲ್ಲವಷ್ಟೆ. ೧೮೯೪ರಲ್ಲಿ ಮಂಗಳೂರಿನಲ್ಲಿಯೇ, ಕಡಲಿನ ಮಗ್ಗುಲಲ್ಲಿಯೇ, ಅಚ್ಚಾದ ಆ ಮಹಾಕೋಶವನ್ನು ಇಬ್ಬರೂ ಕೂತು ತಿರುವಿದೆವು. ಕಿಟ್ಟೆಲರು ಗಿಡಮರಗಳಿಗೆ ಉದಾರವಾಗಿ ಲ್ಯಾಟಿನ್ ನಾಮಗಳನ್ನು ಕೊಟ್ಟಿದ್ದಾರೆ. ಮೀನಿನ ಕಡೆಗೆ ಬಂದಾಗ ಅವರ ಕೈಯೂ ಬಿಗಿಯಾಗಿ, ಹಲವು ಕಡೆ ‘ಒಂದು ಬಗೆಯ ಮೀನು’ ಎಂದಷ್ಟಕ್ಕೆ ನಿಂತಿದೆ. ಆಕೆ ನಗುತ್ತ, “ಮೀನು ಅಂತ ನನಗೂ ಗೊತ್ತಿತ್ತು, ಶಾಸ್ತ್ರಿಗಳೇ” ಎಂದರು. ನಾನು ನಗಲಾರದೆ ಹೋದೆ. ಏಕೆಂದರೆ ಹಿಂದೆ ಒಂದು ಪಠ್ಯಪುಸ್ತಕಕ್ಕೆ ಶಬ್ದಾರ್ಥಗಳನ್ನು ಬರೆದುಕೊಟ್ಟಾಗ ನಾನೂ ಮೂರು ಕಡೆ ಹಾಗೆಯೇ ಬರೆದಿದ್ದೆನು.

ಆ ವರ್ಷದ ಮಾಗಿಯಲ್ಲಿ ಶ್ರೀಕೃಷ್ಣದರ್ಶನಕ್ಕೆಂದು ಉಡುಪಿಗೆ ಹೋದವನು, ಆಕೆ ಮಲ್ಪೆಯಲ್ಲಿರುವರೆಂದು ತಿಳಿದು, ಬೆಳಗಿನ ಜಾವದಲ್ಲಿ ಬಂದರಿಗೆ ಹೋದೆನು. ಕತ್ತಲು ಇನ್ನೂ ಹರಿದಿರಲಿಲ್ಲ. ದೋಣಿಗಳು ಒಂದರ ಹಿಂದೊಂದು ಬಂದು ಕಟ್ಟೆಗೆ ತಾಗುತ್ತಿದ್ದುವು. ಮಂಜುಗಡ್ಡೆಯ ನಡುವಿನಿಂದ ಬುಟ್ಟಿಬುಟ್ಟಿಯಾಗಿ ಮೀನು ಮೇಲೆ ಬರುತ್ತಿತ್ತು. ತುಳುವಿನಲ್ಲಿ ಏಲಮಿನ ಕೂಗು ನಡೆದಿತ್ತು. ನಾನು ಪಂಚೆಯನ್ನು ಎತ್ತಿ ಹಿಡಿದುಕೊಂಡು ಒಂದು ಕಂಬದ ಮರೆಗೆ ನಿಂತೆನು. ವಾಸನೆಯ ವಿಷಯವನ್ನು ಬರೆಯುವುದಿಲ್ಲ. ಸಂಶೋಧನೆಯೆಂದರೆ ಬಿಳಿಯ ಅಂಗಿ ತೊಟ್ಟು ಗಾಜಿನ ನಳಿಗೆಗಳ ನಡುವೆ ಕೂರುವುದೆಂದು ತಿಳಿದಿದ್ದ ನನಗೆ ಆಕೆಯನ್ನು ಗುರುತಿಸುವುದಕ್ಕೇ ಕೆಲವು ಕ್ಷಣ ಬೇಕಾಯಿತು. ಮೊಣಕಾಲುದ್ದದ ರಬ್ಬರಿನ ಬೂಟು ಹಾಕಿಕೊಂಡು, ಒದ್ದೆಯ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಆಕೆ ಒಂದೊಂದೇ ಮೀನನ್ನು ಅಳತೆಯ ಹಲಗೆಯ ಮೇಲಿಟ್ಟು ಮೂತಿಯ ತುದಿಯಿಂದ ಬಾಲದ ತುದಿಯವರೆಗಿನ ಉದ್ದವನ್ನು ಕೂಗಿ ಹೇಳುತ್ತಿದ್ದರು. ಜೊತೆಯ ಹುಡುಗನೊಬ್ಬನು ಅದನ್ನು ಪುಸ್ತಕದಲ್ಲಿ ಗುರುತಿಸಿಕೊಳ್ಳುತ್ತಿದ್ದನು.

ಈ ಅಳತೆಯಲ್ಲಿ ಒಂದು ಕ್ರಮವುಂಟು. ಬಂದ ದೋಣಿಗಳನ್ನೆಲ್ಲ ನೋಡುವುದು ಯಾರಿಗೂ ಸಾಧ್ಯವಲ್ಲ. ಇಷ್ಟವಾದುದನ್ನು ಆರಿಸಿಕೊಂಡರೆ ಕಣ್ಣು ದೊಡ್ಡ ಮೀನಿನ ಕಡೆಗೇ ಹೋಗುವುದು. ಆದ್ದರಿಂದ ಯಾವ ದಿನ ಯಾವ ಬಂದರು, ಎಷ್ಟನೆಯ ದೋಣಿ, ಯಾವ ಬುಟ್ಟಿ ಎಂಬುದು ಮೊದಲೇ ಗೊತ್ತಾಗಿರುವುದು. ಆರಿಸಿದ ಮೀನುಗಳನ್ನು ಅಳೆದು ತೂಗಿದ ಬಳಿಕ ಹೊಟ್ಟೆಯನ್ನು ಸೀಳಿ ಗಂಡೋ ಹೆಣ್ಣೋ, ಮೊಟ್ಟೆ ಯಾವ ಹಂತದಲ್ಲಿದೆ ಎಂದು ನೋಡುವರು. ಹೊಟ್ಟೆಯಲ್ಲಿ ಏನಿದೆಯೆಂಬುದನ್ನು ಬೇರೆ ಸೀಸೆಯಲ್ಲಿ ಹಾಕಿಡುವರು. ಕೊನೆಗೆ ತಲೆಯೊಳಗಿಂದ ಚಿಮುಟದಿಂದ ಆ ಕಲ್ಲುಗಳನ್ನು ತೆಗೆಯುವರು. ಮೀನಿನ ಒಳಗಿವಿಯಲ್ಲಿ ಸುಣ್ಣದ ಅಂಶದಿಂದಾದ ಪುಟ್ಟ ಕಲ್ಲುಗಳಿರುತ್ತವೆ, ಸಂಸ್ಕೃತದಲ್ಲಿ ಕರ್ಣಾಶ್ಮವೆನ್ನಬಹುದು. ಬೂತಾಯಿಯಂತಹ ಮೀನಿನಲ್ಲಿ ಅದು ಸಾಸಿವೆಗಿಂತ ತುಸು ದೊಡ್ಡದು. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡುವಂತೆ ಇದರಲ್ಲಿಯೂ ಪದರಗಳು ಮೂಡುವುವು. ಚಳಿಗಾಲ ಬೇಸಗೆಗಳ ಭೇದ ಅಷ್ಟಾಗಿ ಇಲ್ಲದ ನಮ್ಮ ಕಡಲಿನಲ್ಲಿ ವರ್ಷದ ಬಳೆಗಳು ಮಸುಕಾಗಿರುವುದರಿಂದ ವಯೋನಿರ್ಣಯವು ಬಹುಕಾಲ ವಿವಾದಗ್ರಸ್ತವಾಗಿತ್ತು. ದಿನಕ್ಕೊಂದರಂತೆ ಇನ್ನೂ ಸೂಕ್ಷ್ಮವಾದ ಪದರಗಳಿರುವುದನ್ನು ಪನ್ನೆಲ್ಲಾ ಎಂಬ ವಿದ್ವಾಂಸರು ೧೯೭೧ರಲ್ಲಿ ತೋರಿಸಿದರು. ಕೋಗಿಲಿನ ನಮ್ಮ ಮಹಡಿಯಲ್ಲಿ ಆಕೆ ಒಮ್ಮೆ ಈ ಕಲ್ಲನ್ನು ತೇದು ಸೂಕ್ಷ್ಮದರ್ಶಕದ ಕೆಳಗಿಟ್ಟು ನನಗೆ ತೋರಿಸಿದರು. ತಾಳೆಯ ಗರಿಯ ಮೇಲಿನ ಅತಿಸಣ್ಣ ಬರೆಹವನ್ನು ಓದಿದ ಕಣ್ಣಿಗೆ ಆ ಗೆರೆಗಳು ಹೊಸದಾಗಿ ಕಾಣಲಿಲ್ಲ. ಒಂದು ಪ್ರಾಣಿಯು ತನ್ನ ಆಯುಷ್ಯವನ್ನು ದಿನದಿನವೂ ತಾನೇ ಬರೆದಿಟ್ಟುಕೊಂಡಿದೆಯಲ್ಲಾ ಎಂದು ಬೆರಗಾದೆನು.

ಮಲ್ಪೆಯ ಕಟ್ಟೆಗೆ ಹಿಂದಿರುಗೋಣ. ಬಲೆಯನ್ನು ಕೊಡವುತ್ತಿದ್ದ ವೃದ್ಧರೊಬ್ಬರು ನನ್ನನ್ನು ನೋಡಿ, “ಭಟ್ರೇ, ನಿಮಗೆ ಇಲ್ಲೇನು ಕೆಲಸ?” ಎಂದರು. ಮೀನಿನ ಹೆಸರುಗಳನ್ನು ಕಲಿಯಲು ಬಂದೆನೆಂದೆ. ಅವರು ಗೇಲಿಮಾಡಲಿಲ್ಲ, ಬುಟ್ಟಿಗಳ ನಡುವೆ ಕರೆದುಕೊಂಡು ಹೋಗಿ ತೋರಿಸಿದರು. ತೆಳ್ಳಗೆ ನೀಳವಾಗಿ ಮರಳಿನ ಬಣ್ಣದ್ದು ಕಾಣೆ. ಹೊಳೆಯುವ ಅಗಲ ಮೈಯದು ಮಾಂಜಿ. ಉದ್ದನೆಯ ದೊಡ್ಡದು ಅಂಜಲ್. ನಾಲಗೆಯಂತೆ ಚಪ್ಪಟೆಯಾಗಿ ಎರಡು ಕಣ್ಣೂ ಒಂದೇ ಮಗ್ಗುಲಿಗಿರುವುದು ನಂಗ್. ಈ ನಂಗ್ ಎಂಬ ಒಂದೇ ಹೆಸರಿನೊಳಗೆ ಹಲವು ಜಾತಿಗಳು ಅಡಗಿವೆಯೆಂದು ಆಕೆ ಹೇಳಿದರು. ಇದಕ್ಕೆ ಪ್ರತಿಯಾಗಿ ಒಂದೇ ಮೀನಿಗೆ ಹಲವು ಹೆಸರುಗಳೂ ಉಂಟು. ತುಳುವರ ಬೂತಾಯಿಯೇ ಕುಂದಾಪುರದ ಕಡೆಯವರಿಗೆ ಬೈಗೆ, ಕಾರವಾರದ ಕೊಂಕಣಿಗರಿಗೆ ತಾರ್ಲೆ, ಮಲೆಯಾಳಿಗರಿಗೆ ಮತ್ತಿ. ನಾನಾರ್ಥವೂ ಪರ್ಯಾಯವೂ ಕೋಶಕಾರರ ಪುಸ್ತಕದಲ್ಲಿ ಮಾತ್ರವಲ್ಲ, ಮೀನಿನ ಬುಟ್ಟಿಯಲ್ಲಿಯೂ ಇವೆ.

ಈ ತೊಡಕನ್ನು ಬಿಡಿಸುವುದಕ್ಕಾಗಿಯೇ ವಿಜ್ಞಾನಿಗಳು ಒಂದು ನಾಮಶಾಸನವನ್ನು ಏರ್ಪಡಿಸಿಕೊಂಡಿರುವರು. ಅದರ ಆದಿಯು ಲಿನ್ನೇಯಸನ ಗ್ರಂಥದ ೧೭೫೮ರ ಆವೃತ್ತಿ. ಪ್ರತಿಯೊಂದು ಜೀವಿಗೂ ಎರಡು ಪದಗಳ ಹೆಸರು. ಮೊದಲನೆಯದು ಕುಲ, ಎರಡನೆಯದು ಜಾತಿ. ಅದರ ಮುಂದೆ ಹೆಸರಿಟ್ಟವನ ಹೆಸರು ಮತ್ತು ವರ್ಷ. ಬೂತಾಯಿಯು ‘ಸಾರ್ಡಿನೆಲ್ಲಾ ಲಾಂಗಿಸೆಪ್ಸ್, ವಲೆನ್ಸಿಯೆನ್, ೧೮೪೭’ ಎನಿಸಿಕೊಳ್ಳುವುದು. ಲಾಂಗಿಸೆಪ್ಸ್ ಎಂದರೆ ದೀರ್ಘಶಿರಸ್ಕ. ನಮ್ಮ ಬಹುವ್ರೀಹಿಯೇ ಸರಿ. ಬಂಗುಡೆಯ ಹೆಸರಾದರೋ ‘ರಾಸ್ಟ್ರೆಲ್ಲಿಗರ್ ಕನಗುರ್ತ’. ಅದರ ಮುಂದೆ ಕುವಿಯೇ, ೧೮೧೬ ಎಂಬುದನ್ನು ಕಂಸದೊಳಗೆ ಬರೆಯುವರು. ಕುವಿಯೇ ಪಂಡಿತನು ಇದನ್ನು ಬೇರೊಂದು ಕುಲದಲ್ಲಿ ಸೇರಿಸಿದ್ದನು, ಆಮೇಲೆ ಬಂದವರು ಕುಲವನ್ನು ಬದಲಾಯಿಸಿದರು ಎಂಬ ಇತಿಹಾಸವಿಷ್ಟನ್ನೂ ಆ ಕಂಸವೊಂದೇ ಹೇಳುತ್ತದೆ. ಪಾಠಾಂತರಗಳನ್ನು ಸೂಚಿಸುವುದಕ್ಕೆ ನಾವು ಅಡಿಟಿಪ್ಪಣಿಯಲ್ಲಿ ಪಡುವ ಪಾಡನ್ನು ನೆನೆದರೆ ಈ ಸಂಕ್ಷೇಪವು ಪಾಣಿನಿಯ ಸೂತ್ರವನ್ನು ನೆನಪಿಗೆ ತರುತ್ತದೆ.

ಆದರೆ ಹೆಸರಿಗಿಂತಲೂ ಮುಖ್ಯವಾದುದು ಮಾದರಿ. ಹೊಸ ಜಾತಿಯನ್ನು ಹೆಸರಿಸುವವನು ಅದರ ಒಂದು ದೇಹವನ್ನು ದ್ರವದಲ್ಲಿ ಕೆಡದಂತೆ ಕಾಪಾಡಿ, ಸಂಖ್ಯೆಯನ್ನು ಕೊಟ್ಟು, ಸಂಗ್ರಹಾಲಯದಲ್ಲಿಟ್ಟು, ಅದು ಎಲ್ಲಿದೆಯೆಂಬುದನ್ನು ಲೇಖನದಲ್ಲಿ ಪ್ರಕಟಿಸುವನು. ಮುಂದೆ ಸಂದೇಹ ಬಂದವರು ಅಲ್ಲಿಗೆ ಹೋಗಿ ಅದನ್ನು ನೋಡಬಹುದು. ೧೯೧೬ರಲ್ಲಿ ಸ್ಥಾಪಿತವಾದ ಭಾರತೀಯ ಪ್ರಾಣಿಸರ್ವೇಕ್ಷಣ ಸಂಸ್ಥೆಯು ಕಲ್ಕತ್ತೆಯಲ್ಲಿ ಇಂತಹ ಮಾದರಿಗಳನ್ನು ಕಾಪಾಡಿಕೊಂಡು ಬಂದಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಮೂಲಪ್ರತಿ. ಪುಸ್ತಕಗಳಲ್ಲಿ ಬರುವ ವರ್ಣನೆಗಳೆಲ್ಲ ನಕಲುಗಳು. ಮೂಲಪ್ರತಿಯು ಭಂಡಾರದಲ್ಲಿರುವವರೆಗೆ ನಕಲಿನ ದೋಷಗಳನ್ನು ತಿದ್ದಬಹುದು.

ಇಲ್ಲಿ ಭಾಷಾವಿದ್ವಾಂಸರು ಗಮನಿಸತಕ್ಕ ಸಂಗತಿಯೊಂದಿದೆ. ಕನಗುರ್ತ ಎಂಬುದು ಲ್ಯಾಟಿನ್ ಅಲ್ಲ, ತೆಲುಗು. ಪ್ಯಾಟ್ರಿಕ್ ರಸ್ಸೆಲ್ ಎಂಬ ವೈದ್ಯನು ವಿಶಾಖಪಟ್ಟಣದಲ್ಲಿದ್ದು ಇನ್ನೂರು ಮೀನುಗಳ ಚಿತ್ರಗಳನ್ನು ಬರೆಯಿಸಿ, ಅಲ್ಲಿಯ ಬೆಸ್ತರು ಹೇಳಿದ ತೆಲುಗು ಹೆಸರುಗಳೊಡನೆ ೧೮೦೩ರಲ್ಲಿ ಪ್ರಕಟಿಸಿದನು. ಪ್ಯಾರಿಸಿನಲ್ಲಿದ್ದ ಕುವಿಯೇ ಆ ಚಿತ್ರವನ್ನೂ ಹೆಸರನ್ನೂ ಆಧಾರ ಮಾಡಿಕೊಂಡನು. ತೆಲುಗು ಬೆಸ್ತನ ಬಾಯಿಯ ಮಾತು ಹೀಗೆ ಲೋಕದ ಶಾಸ್ತ್ರದೊಳಗೆ ಶಾಶ್ವತವಾಗಿ ನಿಂತಿತು. ಅದೇ ರೀತಿಯಾಗಿ, ೧೮೦೦–೦೧ರಲ್ಲಿ ನಮ್ಮ ಮೈಸೂರು ಸೀಮೆಯನ್ನೂ ಕನ್ನಡ ಜಿಲ್ಲೆಯನ್ನೂ ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ಮಹಾಶಯನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ ೧೮೨೨ರಲ್ಲಿ ಗಂಗೆಯ ಮೀನುಗಳ ಗ್ರಂಥವನ್ನು ಪ್ರಕಟಿಸಿ, ಬಂಗಾಳದ ಹೆಸರುಗಳನ್ನು ಧಾರಾಳವಾಗಿ ಉಳಿಸಿಕೊಂಡನು. ಅಮರಕೋಶದ ರೋಹಿತವು ಇಂದು ‘ಲೇಬಿಯೊ ರೋಹಿತ’. ಅವನು ‘ಸೊಫೋರೆ’ ಎಂದು ಬರೆದಿರುವುದು ಶಫರೀ ಶಬ್ದದ ವಂಗೀಯ ಉಚ್ಚಾರಣೆಯೆಂದೇ ನನಗೆ ತೋರುತ್ತದೆ. ಕವಿಗಳು ಸ್ತ್ರೀಯರ ಕಣ್ಣಿಗೆ ಹೋಲಿಸಿದ ಆ ಚಂಚಲವಾದ ಬೆಳ್ಳಿಯ ಮರಿಮೀನಿಗೆ ಹೀಗೆ ಒಂದು ನೆಲೆ ದೊರಕಿತು.

ಕೋಶಗಳ ಪರ್ಯಾಯನಾಮಗಳಲ್ಲಿ ಕೂಡ ಕಣ್ಣಿನ ಸಾಕ್ಷ್ಯವಿದೆಯೆಂಬುದು ಈ ಬೆಳಕಿನಲ್ಲಿಯೇ ನನಗೆ ಗೊತ್ತಾದುದು. ಪಾಠೀನಕ್ಕೆ ಅಮರಸಿಂಹನು ಕೊಡುವ ಪರ್ಯಾಯ ಸಹಸ್ರದಂಷ್ಟ್ರ. ಇದನ್ನು ಬರಿಯ ಅತಿಶಯೋಕ್ತಿಯೆಂದು ನಾನು ಪಾಠದಲ್ಲಿ ಹೇಳುತ್ತಿದ್ದೆನು. ಪಾಶ್ಚಾತ್ಯ ಕೋಶಕಾರರು ಪಾಠೀನವೆಂದು ಗುರುತಿಸಿರುವ ಮೀನು ನಮ್ಮ ಕೆರೆಹೊಳೆಗಳ ಬಾಳೆಮೀನು, ಶಾಸ್ತ್ರನಾಮ ‘ವಲ್ಲಾಗೊ ಅಟ್ಟು’. ಅದರ ದವಡೆಗಳಲ್ಲಿ ಸಣ್ಣ ಹಲ್ಲುಗಳು ಪಟ್ಟಿಪಟ್ಟಿಯಾಗಿ, ಎಣಿಸಲಾಗದಷ್ಟು ಇವೆಯೆಂದು ಆಕೆ ಚಿತ್ರದಲ್ಲಿ ತೋರಿಸಿದರು. ಹೆಸರಿಟ್ಟವನು ಅದರ ಬಾಯನ್ನು ತೆರೆದು ನೋಡಿದ್ದನು. ನೋಡದೆ ಪಾಠ ಹೇಳಿದವನು ನಾನು.

ಹೊಳೆಯ ಮೀನುಗಳಿಗೆ ದೊರೆತ ಈ ಭಾಗ್ಯ ಕಡಲಿನ ಮೀನುಗಳಿಗೆ ಅಷ್ಟಾಗಿ ದೊರೆಯಲಿಲ್ಲ. ಅಮರಕೋಶದಲ್ಲಿ ಕಡಲಿನವೆಂದು ಹೇಳಬಹುದಾದ ತಿಮಿ ತಿಮಿಂಗಿಲಗಳು ಕಥೆಯ ಮಂಜಿನಲ್ಲಿ ಮುಳುಗಿವೆ. ನಮ್ಮವನೇ ಆದ ಒಬ್ಬ ಗ್ರಂಥಕಾರನು ಮಾತ್ರ ಕಡಲ ಮೀನುಗಳನ್ನು ಬೇರೆಯಾಗಿ ಪಟ್ಟಿಮಾಡಿರುವನು. ಅವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ, ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರ. ಅವನ ಮಾನಸೋಲ್ಲಾಸವು, ಎಂದರೆ ಅಭಿಲಷಿತಾರ್ಥಚಿಂತಾಮಣಿಯು, ಕ್ರಿ. ಶ. ೧೧೩೦ರ ಸುಮಾರಿನ ಕೃತಿ. ಇದರ ಮತ್ಸ್ಯವಿನೋದವೆಂಬ ಅಧ್ಯಾಯದಲ್ಲಿ ಮೂವತ್ತಕ್ಕೆ ಮೇಲ್ಪಟ್ಟ ಮೀನುಗಳನ್ನು ಕಡಲಿನವು, ಹೊಳೆಯವು ಎಂದೂ, ಶಲ್ಕ ಅಥವಾ ಹುರುಪೆಯುಳ್ಳವು, ಬರಿಯ ಚರ್ಮದವು ಎಂದೂ, ಮೈಯಳತೆಯಿಂದ ದೊಡ್ಡವು, ನಡುವಣವು, ಸಣ್ಣವು ಎಂದೂ ವಿಂಗಡಿಸಿದೆ. ಅವುಗಳಿಗೆ ಹಾಕುವ ಮೇವು, ಗಾಳದ ಕ್ರಮ ಮೊದಲಾದುವೂ ಇವೆ. ಕಲ್ಯಾಣವೂ ಕೋಗಿಲಿನಂತೆಯೇ ಕಡಲಿಂದ ದೂರದ ಊರು. ಆದರೆ ಅವನ ರಾಜ್ಯವು ಕೊಂಕಣದ ತೀರವನ್ನು ಮುಟ್ಟಿತ್ತು. ಪ್ರಾಣಿಸರ್ವೇಕ್ಷಣದ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ ಅವರು, ಮತ್ಸ್ಯಶಾಸ್ತ್ರದಲ್ಲಿ ಅಗ್ರಗಣ್ಯರು, ಈ ಅಧ್ಯಾಯವನ್ನು ಕುರಿತು ೧೯೫೧ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ವಿಸ್ತಾರವಾಗಿ ಬರೆದರು. ಕರ್ಣಾಟಕದ ಅರಸನ ಮೀನುಗಳ ಪಟ್ಟಿಯನ್ನು ಪರೀಕ್ಷಿಸುವುದಕ್ಕೆ ಪಂಜಾಬಿನ ಪ್ರಾಣಿಶಾಸ್ತ್ರಜ್ಞರೊಬ್ಬರು ಬರಬೇಕಾಯಿತೆಂಬುದನ್ನು ಕನ್ನಡದ ಪಂಡಿತರು ನೆನೆಯತಕ್ಕದ್ದು.

ಆ ಪಟ್ಟಿಯ ಎರಡು ಹೆಸರುಗಳು ಸೋರ, ಶೃಂಗಸೋರ. ತಮಿಳಿನಲ್ಲಿ ಸುರಾ ಎಂದರೆ ಶಾರ್ಕ್ ಮೀನು. ತಲೆಯು ಎರಡು ಕಡೆಗೂ ಚಾಚಿ ಸುತ್ತಿಗೆಯಂತಿರುವ ಶಾರ್ಕನ್ನು ಅಲ್ಲಿ ಕೊಂಬನ್ ಸುರಾ ಎನ್ನುವರು. ಶೃಂಗಸೋರವೆಂಬುದು ಇದರ ಸಂಸ್ಕೃತರೂಪವೇ ಎಂದು ನನಗೆ ಮೊದಲು ಬಲವಾಗಿ ತೋರಿತು. ಉತ್ಸಾಹದಿಂದ ಆಕೆಗೆ ಹೇಳಿದೆನು. ಆಕೆ ತುಸು ಯೋಚಿಸಿ, “ಗರಗಸದಂತಹ ಉದ್ದ ಮೂತಿಯ ಮೀನೂ ಒಂದಿದೆಯಲ್ಲ, ಶಾಸ್ತ್ರಿಗಳೇ. ಆ ಮೂತಿಯನ್ನೂ ಯಾರಾದರೂ ಕೊಂಬು ಅಂದಿರಬಹುದು” ಎಂದರು. ಭಾಷಾಶಾಸ್ತ್ರದ ಸಾದೃಶ್ಯವು ನನ್ನ ಕಡೆಗಿದೆಯೆಂದು ಈಗಲೂ ನಂಬಿರುವೆನು. ಆದರೆ ಸೋಮೇಶ್ವರನು ಒಂದು ಚಿತ್ರವನ್ನಾಗಲಿ ಒಣಗಿದ ಮೂತಿಯನ್ನಾಗಲಿ ನಮಗೆ ಬಿಟ್ಟುಹೋಗಿಲ್ಲವಾದ ಕಾರಣ ಅದು ಊಹೆಯೇ. ಚಕ್ರವರ್ತಿಯ ಗ್ರಂಥವು ಉಳಿಯಿತು, ವಸ್ತು ಕಳೆದುಹೋಯಿತು. ವಿಶಾಖಪಟ್ಟಣದ ಬೆಸ್ತನ ಶಬ್ದವು ಚಿತ್ರದೊಡನೆ ಅಚ್ಚಾದುದರಿಂದ ಎರಡೂ ಉಳಿದುವು.

ಇನ್ನು ಪ್ರಕಟನೆಯ ವಿಷಯ. ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನಗಳ ಕಾಲ ಕರ್ಣಾಟಕದ ತೀರದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದು. ಬೂತಾಯಿಯು ಮೊಟ್ಟೆಯಿಡುವುದೂ ಮಳೆಗಾಲದಲ್ಲಿಯೇ. ಯತಿಗಳು ಸಂಚಾರವನ್ನು ಬಿಟ್ಟು ಚಾತುರ್ಮಾಸ್ಯಕ್ಕೆ ಕೂರುವಂತೆ ಆಕೆಯೂ ಆ ತಿಂಗಳುಗಳಲ್ಲಿ ಕೋಗಿಲಿನಲ್ಲಿ ಕೂತು ಬರೆಯುವರು. ಬರೆದುದು ಸಂಪಾದಕರಿಗೆ ಹೋಗುವುದು. ಸಂಪಾದಕರು ಅದನ್ನು ಅದೇ ವಿಷಯದಲ್ಲಿ ಬಲ್ಲ ಇಬ್ಬರು ಮೂವರಿಗೆ ಕಳುಹಿಸುವರು. ಅವರು ತಮ್ಮ ಹೆಸರನ್ನು ಹೇಳದೆ ಆಕ್ಷೇಪಗಳನ್ನು ಬರೆಯುವರು. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷವೇ ಇದು. ಅಲ್ಲಿಯೂ ಎದುರಾಳಿಯು ಅನೇಕವೇಳೆ ‘ಕೇಚಿತ್’ ಎಂಬ ಅನಾಮಧೇಯನೇ ಅಲ್ಲವೆ? ಆದರೆ ನಮ್ಮ ಗ್ರಂಥಕಾರನು ಪೂರ್ವಪಕ್ಷವನ್ನು ತನಗೆ ಬೇಕಾದಂತೆ ತಾನೇ ರಚಿಸಿಕೊಳ್ಳುತ್ತಿದ್ದನು. ಇಲ್ಲಿ ಅದು ನಿಜವಾಗಿಯೂ ಹೊರಗಿನಿಂದ ಬರುವುದು, ಸುಲಭವಾಗಿ ಸೋಲುವುದಿಲ್ಲ. ಉತ್ತರ ಬರೆದು ತಿದ್ದಿ ಮತ್ತೆ ಕಳುಹಿಸುವುದರಲ್ಲಿ ಕೆಲವು ವೇಳೆ ವರ್ಷವೇ ಕಳೆಯುವುದು. ಕೆಲವು ವಿದೇಶೀಯ ಪತ್ರಿಕೆಗಳು ಲೇಖನವನ್ನು ಎಲ್ಲರೂ ಓದುವಂತೆ ಪ್ರಕಟಿಸಲು ಲೇಖಕನಿಂದಲೇ ಸಾವಿರಾರು ಡಾಲರು ಕೇಳುವುವಂತೆ. ಕವಿಗೆ ಅಗ್ರಹಾರ ಕೊಡುತ್ತಿದ್ದ ದೇಶದಲ್ಲಿ ಹುಟ್ಟಿದ ನನಗೆ ಇದು ಇನ್ನೂ ಅರಗಿಲ್ಲ.

ಕಡಲಿಲ್ಲದ ನಮ್ಮ ಬೆಂಗಳೂರು ಕಡಲಿನ ವಿದ್ಯೆಗೆ ಪ್ರಕಟನಸ್ಥಾನವಾಗಿದೆಯೆಂಬುದು ನನಗೆ ಗೊತ್ತಿರಲಿಲ್ಲ. ೧೯೨೧ರಲ್ಲಿ ಹಡಗಿನಲ್ಲಿ ಬರುತ್ತ ಸಮುದ್ರದ ನೀಲವರ್ಣವನ್ನು ಕುರಿತು ‘ನೇಚರ್’ ಪತ್ರಿಕೆಗೆ ಬರೆದ ಚಂದ್ರಶೇಖರ ವೆಂಕಟರಾಮನ್ ಅವರು ಮುಂದೆ ಬೆಂಗಳೂರಿನಲ್ಲಿ ನೆಲಸಿ, ೧೯೩೪ರಲ್ಲಿ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದರ ಪತ್ರಿಕೆಯ ಮೊದಲ ಸಂಪುಟಗಳಲ್ಲಿಯೇ ಕಪ್ಪೆಚಿಪ್ಪುಗಳ ಹೊಳಪನ್ನು ಕುರಿತು ಬರೆದರು. ಅದಕ್ಕೂ ಮೊದಲು, ೧೯೩೨ರಲ್ಲಿ, ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದ ಸಿ. ಆರ್. ನಾರಾಯಣರಾಯರ ಸಂಪಾದಕತ್ವದಲ್ಲಿ ‘ಕರೆಂಟ್ ಸೈನ್ಸ್’ ಆರಂಭವಾಗಿತ್ತು. ಇದೇ ಪತ್ರಿಕೆಯಲ್ಲಿ ೧೯೫೫ರಲ್ಲಿ ನಾಯರ್, ಸುಬ್ರಹ್ಮಣ್ಯನ್ ಎಂಬಿಬ್ಬರು ಎರಡು ಪುಟಗಳ ಒಂದು ಟಿಪ್ಪಣಿಯನ್ನು ಪ್ರಕಟಿಸಿದರು. ‘ಫ್ರಾಜಿಲೇರಿಯಾ ಓಷಿಯಾನಿಕಾ’ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಡಲ ಪಾಚಿಯು ಹೇರಳವಾದರೆ ಬೂತಾಯಿಯೂ ಹೇರಳವಾಗುವುದೆಂಬುದು ಅದರ ಸಾರ. ಎರಡೇ ಪುಟ! ಮೀನಿನ ಹೊಟ್ಟೆಯಲ್ಲಿದ್ದುದನ್ನು ದಿನವೂ ಸೀಸೆಯಲ್ಲಿ ಹಾಕಿಡುವುದೇಕೆಂಬುದಕ್ಕೆ ಉತ್ತರ ಅದರಲ್ಲಿದೆ.

ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾಲಯವು ೧೯೪೭ರ ಫೆಬ್ರವರಿಯಲ್ಲಿ ಹುಟ್ಟಿದುದು. ಮಂಗಳೂರು ಕಾರವಾರಗಳಲ್ಲಿ ಅದರ ಕೇಂದ್ರಗಳು ಬಹುಕಾಲದಿಂದ ಕೆಲಸ ಮಾಡುತ್ತಿವೆ. ೧೯೫೪ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಫಿಷರೀಸ್’ ಎಂಬ ಪತ್ರಿಕೆಯೂ, ೧೯೫೯ರಲ್ಲಿ ಭಾರತೀಯ ಸಮುದ್ರಜೀವಶಾಸ್ತ್ರ ಸಂಘದ ಪತ್ರಿಕೆಯೂ ಹೊರಟುವು. ಮೊದಲನೆಯದರಲ್ಲಿ ಪ್ರಧಾನ್ ಅವರು ೧೯೫೬ರಲ್ಲಿ ಕಾರವಾರದ ಬಂಗುಡೆಯನ್ನು ಕುರಿತೂ, ಶೇಖರನ್ ಮತ್ತು ಧುಲಖೇಡ್ ಅವರು ೧೯೬೩ರಲ್ಲಿ ಮಂಗಳೂರಿನ ಬೂತಾಯಿಯನ್ನು ಕುರಿತೂ ಬರೆದ ಲೇಖನಗಳನ್ನು ಆಕೆ ನನಗೆ ಓದಿ ಹೇಳಿದರು. ಅವು ಈಗ ಅಂತರಜಾಲದಲ್ಲಿ ಯಾರಿಗೂ ಉಚಿತವಾಗಿ ದೊರೆಯುತ್ತವೆ. ತೀರದಲ್ಲಿ ನೂರಾರು ಕೈಗಳು ಸೇರಿ ರಂಪಣಿ ಬಲೆಯನ್ನು ಎಳೆಯುತ್ತಿದ್ದ ಕಾಲದ ಲೆಕ್ಕ ಅಲ್ಲಿದೆ. ೧೯೭೦ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳ ಚೀಲಬಲೆ ಬಂದು ರಂಪಣಿಯನ್ನು ಹಿಂದೆ ತಳ್ಳಿತು. ಬಲೆಯ ಜೊತೆಗೆ ಅದರ ಅಂಗಾಂಗಗಳ ಹೆಸರುಗಳೂ, ಎಳೆಯುವಾಗಿನ ಪದಗಳೂ ಎಷ್ಟು ಹೋದುವೋ!

ದಿನವೂ ಅಳೆದು ಬರೆದುದರ ಬೆಲೆ ಬರಗಾಲದಲ್ಲಿ ತಿಳಿಯುವುದು. ಕೇರಳದಲ್ಲಿ ೨೦೧೨ರಲ್ಲಿ ೪ ಲಕ್ಷ ಟನ್ನುಗಳ ಹತ್ತಿರಕ್ಕೆ ಬಂದಿದ್ದ ಮತ್ತಿಯ ಹಿಡಿತವು ೨೦೨೧ರಲ್ಲಿ ೩,೫೦೦ ಟನ್ನಿಗೂ ಕೆಳಗಿಳಿಯಿತು. ಕಡಲು ಬಿಸಿಯಾದುದೆಷ್ಟು, ಮರಿಗಳನ್ನು ಹಿಡಿದುದೆಷ್ಟು, ಮಳೆಗಾಲದ ವೈಪರೀತ್ಯವೆಷ್ಟು ಎಂಬ ವಾದದಲ್ಲಿ ಹಳೆಯ ಅಳತೆಯ ಪುಸ್ತಕಗಳೇ ಸಾಕ್ಷಿಗಳು. ಆ ಪುಸ್ತಕಗಳಲ್ಲಿ ‘ಸಾರ್ಡೀನು’ ಎಂದಷ್ಟೇ ಬರೆದು, ಬೂತಾಯಿಯನ್ನೂ ಅದರ ಕುಲದ ಇತರ ಸಣ್ಣ ಮೀನುಗಳನ್ನೂ ಒಂದುಗೂಡಿಸಿದ್ದರೆ ಈ ವಾದವೇ ಏಳುತ್ತಿರಲಿಲ್ಲ. ‘ಮತ್ಸ್ಯವಿಶೇಷಃ’ ಎಂದು ಬರೆದವನಿಗೆ ಮತ್ಸ್ಯವು ಕಡಮೆಯಾದುದೂ ತಿಳಿಯದು.

ಇಷ್ಟೆಲ್ಲ ಜ್ಞಾನವೂ ಇಂಗ್ಲಿಷಿನಲ್ಲಿದೆ. ಹೆಸರು ಹೇಳಿಕೊಟ್ಟ ವೃದ್ಧರು ಅದನ್ನು ಓದಲಾರರು. ಆಕೆಯನ್ನು ಕೇಳಿದರೆ, ಕನ್ನಡದಲ್ಲಿ ಬರೆದುದು ತಮ್ಮ ವೃತ್ತಿಯಲ್ಲಿ ಎಣಿಕೆಗೆ ಬರುವುದಿಲ್ಲವೆಂದು ಹೇಳಿದರು. ಅದನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಕೈಯಲ್ಲಿರುವುದೊಂದಿದೆ. ಕಾರವಾರದಿಂದ ಕಾಸರಗೋಡಿನವರೆಗೆ ಕನ್ನಡ, ತುಳು, ಕೊಂಕಣಿಗಳಲ್ಲಿರುವ ಮೀನಿನ ಹೆಸರುಗಳನ್ನು ಅಲ್ಲಿಯ ಕಾಲೇಜುಗಳ ಸಾಹಿತ್ಯದ ಉಪಾಧ್ಯಾಯರು ಸಂಗ್ರಹಿಸಬಹುದು. ಬರಿಯ ಶಬ್ದಗಳ ಪಟ್ಟಿ ಸಾಲದು. ಪ್ರತಿಯೊಂದು ಹೆಸರಿನ ಮುಂದೆ ಹೇಳಿದವರ ಊರು ಮತ್ತು ಭಾಷೆ, ತಿಂಗಳು, ಮೀನಿನ ಉದ್ದ, ಒಂದು ಚಿತ್ರ, ಹಾಗೂ ಬಲ್ಲವರಿಂದ ಪಡೆದ ಶಾಸ್ತ್ರನಾಮ ಇರಬೇಕು. ಉದ್ದವೇಕೆಂದರೆ, ಮರಿಯಾಗಿರುವಾಗ ಒಂದು ಹೆಸರು, ಬೆಳೆದಮೇಲೆ ಮತ್ತೊಂದು ಎಂಬ ವಾಡಿಕೆಯಿರುವುದರಿಂದ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಮುದ್ರಜೀವಶಾಸ್ತ್ರದ ವಿಭಾಗವಿದೆ, ಮಂಗಳೂರಿನಲ್ಲಿ ಮೀನುಗಾರಿಕೆಯ ಕಾಲೇಜಿದೆ, ಗುರುತಿಸಿಕೊಡುವವರಿಗೆ ಕೊರತೆಯಿಲ್ಲ. ಆಗ ನಮ್ಮ ಕೋಶಗಳ ಮುಂದಿನ ಆವೃತ್ತಿಗಳಲ್ಲಿ ‘ಒಂದು ಜಾತಿಯ ಮೀನು’ ಎಂಬ ಮಾತಿಗೆ ಅಷ್ಟು ಕೆಲಸವಿರದು.

ನನ್ನ ಮಟ್ಟಿಗೆ, ಆ ಪಠ್ಯಪುಸ್ತಕದ ನನ್ನ ಪ್ರತಿಯಲ್ಲಿ ಹಳೆಯ ಅರ್ಥವನ್ನು ಹೊಡೆದುಹಾಕಿ, ‘ಪಾಠೀನ: ಸಹಸ್ರದಂಷ್ಟ್ರ, ದವಡೆಗಳಲ್ಲಿ ಎಣಿಸಲಾಗದಷ್ಟು ಸಣ್ಣ ಹಲ್ಲುಗಳುಳ್ಳ, ಹುರುಪೆಯಿಲ್ಲದ ದೊಡ್ಡ ಹೊಳೆಮೀನು, ಬಾಳೆಮೀನು’ ಎಂದು ಬರೆದುಕೊಂಡಿದ್ದೇನೆ. ಮಾನಸೋಲ್ಲಾಸದ ಪುಟದ ಅಂಚಿನಲ್ಲಿ ‘ಶೃಂಗಸೋರ: ಕಡಲ ಮೀನು, ಸುತ್ತಿಗೆತಲೆಯ ಶಾರ್ಕ್ ಇರಬಹುದು, ಗರಗಸಮೂತಿಯದೂ ಇರಬಹುದು’ ಎಂದು ಬರೆದಿದ್ದೇನೆ. ಆಕೆಯ ಲೇಖನವು ಎರಡನೆಯ ಪರೀಕ್ಷೆಯಲ್ಲಿ ಅಂಗೀಕೃತವಾಯಿತು. ಸ್ಥಳೀಯ ನಾಮಗಳ ಕೋಷ್ಟಕವನ್ನು ಪರೀಕ್ಷಕರು ಉಳಿಸಿಕೊಂಡಿದ್ದಾರೆ; ಒಂದೊಂದು ಹೆಸರಿನ ಮುಂದೆಯೂ ಬಂದರಿನ ಹೆಸರು, ತಿಂಗಳು, ಸಂಗ್ರಹದಲ್ಲಿಟ್ಟ ಮಾದರಿಯ ಸಂಖ್ಯೆ ಅಚ್ಚಾಗಿವೆ. ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಅಜ್ಜಿಯ ಹೆಸರೂ ಇದೆ.